ಬಯಲಿನ ಗುರು ಕ್ನೂಟ್ ರಾಕ್ನಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಜಾತ್ರೆಗಳಲ್ಲಿ ಕುಸ್ತಿಯ ಕಣಕ್ಕೆ ತೇರಿನಷ್ಟೇ ಗೌರವವುಂಟು. ಪೈಲ್ವಾನರು ಮಣ್ಣನ್ನು ಹಣೆಗೆ ಹಚ್ಚಿಕೊಂಡು ಕಣಕ್ಕಿಳಿಯುತ್ತಾರೆ. ಗೆದ್ದವನ ಹೆಸರಿನೊಡನೆ ಅವನಿಗೆ ವಿದ್ಯೆ ಕಲಿಸಿದ ವಸ್ತಾದಿಯ ಹೆಸರನ್ನೂ ಜನ ಎತ್ತಿ ಹೇಳುತ್ತಾರೆ. ನಮ್ಮ ಜಿಲ್ಲೆಯ ಸೈಕಲ್ ಪಟುಗಳ ಕೀರ್ತಿಯಂತೂ ನಾಡಿನಾಚೆಗೂ ಹಬ್ಬಿದೆ. ಶಾಲೆಯಲ್ಲಿ ಆಟ ಕಲಿಸುವವರನ್ನು ನಮ್ಮ ಹಿರಿಯರು ಡ್ರಿಲ್ ಮಾಸ್ತರರೆಂದು ಕರೆಯುತ್ತಿದ್ದರು. ಕಾಲೇಜುಗಳಲ್ಲಿ ಅದೇ ಕಾಯಕದ ಹುದ್ದೆಗೆ ದೈಹಿಕ ಶಿಕ್ಷಣ ನಿರ್ದೇಶಕ ಎಂಬ ಹೆಸರಿದೆ. ಹೆಸರು ಬದಲಾದರೂ ಹೊಣೆ ಅದೇ: ಬೆಳೆಯುವ ಹುಡುಗನ ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ಹದಗೊಳಿಸುವುದು.

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಆಡಳಿತ ಮಂಡಳಿಯವರು ಹಿತೈಷಿಗಳೆಂಬ ಭಾವದಿಂದ ನಮ್ಮನ್ನು ತಮ್ಮ ಸಭೆಗೆ ಕರೆದಿದ್ದರು. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತೆರವಾಗಿತ್ತು. ಪದಕಗಳನ್ನು ಗೆದ್ದುಕೊಡುವವರೇ ಬೇಕು, ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬರಬೇಕು ಎಂಬುದು ಒಂದು ಪಕ್ಷ. ಎಲ್ಲ ಹುಡುಗ ಹುಡುಗಿಯರನ್ನೂ ಬಯಲಿಗೆ ತರುವವರು ಬೇಕು, ಪ್ರಾಚಾರ್ಯರ ಮಾತಿನಲ್ಲಿ ನಡೆಯುವವರು ಬೇಕು ಎಂಬುದು ಇನ್ನೊಂದು ಪಕ್ಷ. ಹೊತ್ತು ಮುಳುಗುವವರೆಗೆ ವಾದ ನಡೆಯಿತು. ಕೊನೆಕೊನೆಗೆ ಅಭ್ಯರ್ಥಿಗಳ ಹೆಸರೇ ಮರೆತುಹೋಗಿ, ಈ ಕಾಲೇಜಿನಲ್ಲಿ ಕೊನೆಯ ಮಾತು ಯಾರದು ಎಂಬ ಒಂದೇ ಪ್ರಶ್ನೆ ಉಳಿಯಿತು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಾವು ಅಂದು ಮೌನವಾಗಿಯೇ ಎದ್ದು ಬಂದೆವು. ದಾರಿಯಲ್ಲಿ ನೆನಪಾದದ್ದು ಹಿಂದೆ ಓದಿದ್ದ ಒಂದು ಜೀವನಚರಿತ್ರೆ. ಇದೇ ವಿವಾದ ದೊಡ್ಡ ಪ್ರಮಾಣದಲ್ಲಿ, ನಮ್ಮದೇ ಧರ್ಮಸಭೆಯ ಒಂದು ವಿಶ್ವವಿದ್ಯಾಲಯದಲ್ಲಿ ನಡೆದುಹೋಗಿತ್ತು. ಅದರ ನಡುವೆ ನಿಂತವರು ಕ್ನೂಟ್ ರಾಕ್ನಿ. ಅವರ ಬಾಳನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ವಲಸೆ ಬಂದ ಬಾಲಕ

ರಾಕ್ನಿ ಹುಟ್ಟಿದ್ದು 1888ರ ಮಾರ್ಚ್ 4ರಂದು, ನಾರ್ವೆ ದೇಶದ ವೊಸ್ ಎಂಬ ಊರಿನಲ್ಲಿ. ತಂದೆ ಲಾರ್ಸ್ ಸಾರೋಟುಗಳನ್ನು ಕಟ್ಟುವ ಕುಶಲಕರ್ಮಿ. ಮನೆತನ ಲೂಥರನ್ ಪಂಥಕ್ಕೆ ಸೇರಿದ್ದು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ 1893ರಲ್ಲಿಯೇ, ಅದೇ ಶಿಕಾಗೋ ನಗರದಲ್ಲಿ ಈ ಕುಟುಂಬ ನೆಲೆಯೂರಿತು. ಆಗ ಬಾಲಕನಿಗೆ ಐದು ವರ್ಷ. ಪರದೇಶದ ಭಾಷೆಯನ್ನು ಅವನು ಬೀದಿಯಲ್ಲಿ ಆಡುತ್ತ ಕಲಿತನು. ದುಡಿಮೆಗಾಗಿ ಊರು ಬಿಟ್ಟು ಪುಣೆ, ಮುಂಬಯಿ, ಗೋವಾಗಳಿಗೆ ಹೋಗುವ ಕುಟುಂಬಗಳನ್ನು ಕಂಡಿರುವ ನಮ್ಮ ಭಾಗದವರಿಗೆ ಅಂಥ ಬಾಲ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಶಾಲೆ ಮುಗಿದ ಮೇಲೆ ಕಾಲೇಜಿಗೆ ಹಣವಿರಲಿಲ್ಲ. ತರುಣ ರಾಕ್ನಿ ಶಿಕಾಗೋದ ಅಂಚೆ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಕಾಸಿಗೆ ಕಾಸು ಕೂಡಿಸಿದರು. 1910ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಸೇರಿದರು. ಅದನ್ನು 1842ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನಿಂದ ಬಂದ ಪವಿತ್ರ ಶಿಲುಬೆ ಸಭೆಯ ವಂದನೀಯ ಎಡ್ವರ್ಡ್ ಸೋರಿನ್. ವಿದ್ಯಾಲಯದ ಮುಖ್ಯ ಕಟ್ಟಡದ ಚಿನ್ನದ ಗುಮ್ಮಟದ ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆ ನಿಂತಿದೆ. ಆ ಹೆಸರಿನ ಅರ್ಥವೂ ನಮ್ಮ ಮಾತೆ ಎಂದೇ. ವಯಸ್ಸಿನಲ್ಲಿ ಸಹಪಾಠಿಗಳಿಗಿಂತ ಹಿರಿಯರು, ಧರ್ಮದಲ್ಲಿ ಬೇರೆಯವರು, ತಲೆಯ ಕೂದಲು ಆಗಲೇ ವಿರಳವಾಗತೊಡಗಿದ್ದವರು. ಹೀಗೆ ಹೊರಗಿನವರಾಗಿಯೇ ರಾಕ್ನಿ ಆ ಅಂಗಳವನ್ನು ಪ್ರವೇಶಿಸಿದರು.

ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಎದುರಾಳಿಗಳು ಕೆಡವಬೇಕು. ಹನ್ನೊಂದು ಜನರ ತಂಡ ಅಡಿ ಅಡಿಯಾಗಿ ನೆಲ ಗೆಲ್ಲುತ್ತ ಸಾಗಬೇಕು. ನಮ್ಮ ಕಬಡ್ಡಿಯ ಧೈರ್ಯವನ್ನೂ ಕುಸ್ತಿಯ ಬಲವನ್ನೂ ಕೂಡಿಸಿದರೆ ಅದರ ಕಲ್ಪನೆ ಸ್ವಲ್ಪಮಟ್ಟಿಗೆ ಬಂದೀತು. ಆ ಕಾಲದಲ್ಲಿ ಅದು ಪ್ರಾಣಕ್ಕೆ ಕುತ್ತಾದ ಆಟವೂ ಆಗಿತ್ತು. 1905ರಲ್ಲಿ ಹಲವು ಹುಡುಗರು ಸತ್ತಾಗ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ರೇ ಮಧ್ಯೆ ಪ್ರವೇಶಿಸಿ ಸುಧಾರಣೆಗೆ ಒತ್ತಾಯಿಸಬೇಕಾಯಿತು. ಮರುವರ್ಷ ನಿಯಮಗಳು ಬದಲಾಗಿ, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಬರಿಯ ಮೈಬಲದ ಆಟದಲ್ಲಿ ಬುದ್ಧಿಗೂ ಚುರುಕಿಗೂ ಎಡೆಯಾಯಿತು.

1913ರ ಬೇಸಿಗೆಯಲ್ಲಿ ರಾಕ್ನಿ ಮತ್ತು ಗೆಳೆಯ ಗಸ್ ಡೊರೈ ಸರೋವರದ ದಂಡೆಯ ವಿಹಾರಧಾಮವೊಂದರಲ್ಲಿ ಕೆಲಸಕ್ಕೆ ನಿಂತು, ಬಿಡುವಿನಲ್ಲಿ ಮರಳಿನ ಮೇಲೆ ಚೆಂಡೆಸೆತವನ್ನು ಅಭ್ಯಾಸ ಮಾಡಿದರು. ಅದೇ ವರ್ಷದ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಬಲಾಢ್ಯ ಸೇನಾ ವಿದ್ಯಾಲಯದ ತಂಡವನ್ನು ನೋಟರ್ ಡೇಮ್ 35–13ರಿಂದ ಸೋಲಿಸಿತು. ಯಾರೂ ಲೆಕ್ಕಕ್ಕಿಡದಿದ್ದ ಒಂದು ಕಥೋಲಿಕ ಕಾಲೇಜಿನ ಹೆಸರು ಅಂದು ದೇಶಕ್ಕೆಲ್ಲ ಪರಿಚಯವಾಯಿತು.

ಆದರೆ ರಾಕ್ನಿ ಬರಿಯ ಆಟಗಾರರಾಗಿರಲಿಲ್ಲ. 1914ರಲ್ಲಿ ಔಷಧ ವಿಜ್ಞಾನದಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಕೃತಕ ರಬ್ಬರಿನ ತಯಾರಿಕೆಗೆ ಹಾದಿ ತೋರಿದ ಸಂಶೋಧಕ, ಪವಿತ್ರ ಶಿಲುಬೆ ಸಭೆಯ ಗುರು ಜೂಲಿಯಸ್ ನ್ಯೂಲಂಡರ ಪ್ರಯೋಗಶಾಲೆಯಲ್ಲಿ ಅವರು ಸಹಾಯಕರಾಗಿದ್ದರು. ಆ ಜುಲೈ ತಿಂಗಳಲ್ಲಿ ಬಾನಿ ಸ್ಕೈಲ್ಸ್ ಎಂಬವರೊಂದಿಗೆ ವಿವಾಹವಾಯಿತು. ಬೆಳಿಗ್ಗೆ ರಸಾಯನಶಾಸ್ತ್ರ ಕಲಿಸುವುದು, ಸಂಜೆ ತರಬೇತುದಾರ ಜೆಸ್ಸಿ ಹಾರ್ಪರರಿಗೆ ಸಹಾಯಕರಾಗಿ ಬಯಲಿನಲ್ಲಿ ನಿಲ್ಲುವುದು. ನಾಲ್ಕು ವರ್ಷ ಹೀಗೆ ಸಾಗಿತು.

ಮೊದಲ ನೇಮಕ

ಕ್ರೀಡಾ ನಿರ್ದೇಶಕರೂ ಆಗಿದ್ದ ಹಾರ್ಪರ್ 1918ರಲ್ಲಿ ಹುದ್ದೆ ಬಿಟ್ಟು, ಕಾನ್ಸಸ್ ರಾಜ್ಯದಲ್ಲಿ ದನಗಳ ಸಾಕಣೆಗೆ ಹೊರಟರು. ಹೋಗುವ ಮುನ್ನ, ತಮ್ಮ ಸ್ಥಾನಕ್ಕೆ ರಾಕ್ನಿಯೇ ತಕ್ಕವರೆಂದು ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಜಾನ್ ಕ್ಯಾವನಾರಿಗೆ ಹೇಳಿದರು. ನಮ್ಮಲ್ಲಿ ಕುಲಪತಿಗಳು ಮಾಡುವ ಕೆಲಸವನ್ನು ಅಲ್ಲಿ ಅಧ್ಯಕ್ಷರು ಮಾಡುತ್ತಾರೆ. ರಾಕ್ನಿಗೆ ಆಗ ಮೂವತ್ತು ವರ್ಷ. ಕಥೋಲಿಕರೂ ಅಲ್ಲ. ಆದರೂ ಗುರುಗಳು ಅವರನ್ನೇ ತರಬೇತುದಾರರನ್ನಾಗಿಯೂ ಕ್ರೀಡಾ ನಿರ್ದೇಶಕರನ್ನಾಗಿಯೂ ನೇಮಿಸಿದರು. ಕೆಲಸವನ್ನು ಕಣ್ಣಾರೆ ಕಂಡವರ ಸಾಕ್ಷ್ಯವನ್ನು ನಂಬಿ ಮಾಡಿದ ಆ ನೇಮಕದಲ್ಲಿ ಗದ್ದಲವಿರಲಿಲ್ಲ. ಗದ್ದಲ ಬಂದದ್ದು ಗೆಲುವಿನ ಹಿಂದೆ.

ಗೆಲುವಂತೂ ಹೊಳೆಯಂತೆ ಹರಿದು ಬಂದಿತು. 1918ರಿಂದ 1930ರವರೆಗಿನ 13 ಋತುಗಳಲ್ಲಿ ಅವರ ತಂಡ 105 ಪಂದ್ಯ ಗೆದ್ದಿತು, 12ರಲ್ಲಿ ಸೋತಿತು, 5 ಪಂದ್ಯ ಸಮನಾದವು. ಪಂದ್ಯಗಳನ್ನು ಗೊತ್ತುಪಡಿಸುವುದು, ಟಿಕೆಟ್ಟು ಮಾರುವುದು, ರೈಲು ಪ್ರಯಾಣ ಏರ್ಪಡಿಸುವುದು, ಆಟದ ಉಡುಪನ್ನು ಹಗುರಗೊಳಿಸುವುದು, ಓಟದ ಪಟುಗಳಿಗೆ ತರಬೇತಿ ನೀಡುವುದು. ಎಲ್ಲವೂ ಅವರ ಹೆಗಲ ಮೇಲೆಯೇ. ತಂಡ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿನವರೆಗೆ ಸಂಚರಿಸಿತು.

ಈ ಗೆಲುವಿಗೆ ಅಂಕಿಗಳಾಚೆಗೂ ಒಂದು ಅರ್ಥವಿತ್ತು. ಐರ್ಲೆಂಡ್, ಪೋಲೆಂಡ್, ಇಟಲಿಗಳಿಂದ ವಲಸೆ ಬಂದು ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದ ಕಥೋಲಿಕರನ್ನು ಅಂದಿನ ಅಮೆರಿಕ ಅನುಮಾನದಿಂದ ನೋಡುತ್ತಿತ್ತು. ಕು ಕ್ಲುಕ್ಸ್ ಕ್ಲಾನ್ ಎಂಬ ದ್ವೇಷಕೂಟಕ್ಕೆ ಇಂಡಿಯಾನಾ ರಾಜ್ಯದಲ್ಲಿಯೇ ಅಪಾರ ಬಲವಿತ್ತು. 1924ರ ಮೇ ತಿಂಗಳಲ್ಲಿ ಆ ಕೂಟದವರು ವಿಶ್ವವಿದ್ಯಾಲಯದ ಪಕ್ಕದ ಸೌತ್ ಬೆಂಡ್ ನಗರದಲ್ಲಿ ನೆರೆದಾಗ ವಿದ್ಯಾರ್ಥಿಗಳು ಬೀದಿಗಿಳಿದು ಕಾದಾಡಿದರು. ಅಧ್ಯಕ್ಷ ಫಾದರ್ ಮ್ಯಾಥ್ಯೂ ವಾಲ್ಶ್ ತಾವೇ ಹೋಗಿ ಅವರನ್ನು ಸಮಾಧಾನಪಡಿಸಿ ಹಿಂದಕ್ಕೆ ಕರೆತಂದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಕಾರ್ಮಿಕನೂ ಶನಿವಾರ ಮಧ್ಯಾಹ್ನ ನೋಟರ್ ಡೇಮ್ ಗೆದ್ದರೆ ತಲೆಯೆತ್ತಿ ನಡೆಯುತ್ತಿದ್ದನು. ಸಣ್ಣ ಸಮುದಾಯವಾಗಿ ಬದುಕುವ ನಮಗೆ ಆ ಸಂತೋಷ ಅರ್ಥವಾಗುತ್ತದೆ. ಆ ಸಂತೋಷದಲ್ಲಿರುವ ಅಪಾಯವೂ ಅರ್ಥವಾಗಬೇಕು. ಸಮುದಾಯದ ಮಾನವೆಲ್ಲ ಒಂದು ತಂಡದ ಮೇಲೆ, ತಂಡದ ಭಾರವೆಲ್ಲ ಒಬ್ಬ ಮನುಷ್ಯನ ಮೇಲೆ ನಿಂತರೆ, ಆ ಮನುಷ್ಯನಿಗೆ ಬೇಡವೆನ್ನುವವರು ಯಾರು?

ಗುರುಗಳ ಪೀಠವೂ ಆಟದ ಬಯಲೂ

ಬೇಡವೆನ್ನುವ ಕಷ್ಟದ ಕೆಲಸ ಆ ಗುರುಗಳ ಪಾಲಿಗೆ ಬಂದಿತು. ಜಾರ್ಜ್ ಗಿಪ್ ಎಂಬ ಅಪ್ರತಿಮ ಆಟಗಾರನಿದ್ದನು. ಅವನಿಗೆ ಜೂಜಿನ ಗೀಳು, ತರಗತಿಯ ಕಡೆ ಉದಾಸೀನ. 1920ರ ವಸಂತದಲ್ಲಿ ವಿಶ್ವವಿದ್ಯಾಲಯ ಅವನನ್ನು ಹೊರಹಾಕಿತು. ಊರಿನ ಅಭಿಮಾನಿಗಳ ಒತ್ತಡದ ನಡುವೆ ಮತ್ತೆ ಒಳಗೆ ಸೇರಿಸಿಕೊಂಡಿತು. ಅದೇ ಡಿಸೆಂಬರ್ 14ರಂದು ಗಂಟಲಿನ ಸೋಂಕು, ನ್ಯುಮೋನಿಯಾಗಳಿಂದ ಅವನು ತೀರಿಕೊಂಡನು; ಮರಣಶಯ್ಯೆಯಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದನು. ಅವನ ಕೊನೆಯ ಬಯಕೆಯೆಂದು ರಾಕ್ನಿ 1928ರಲ್ಲಿ ತಂಡದ ಮುಂದೆ ಹೇಳಿದ ಕಥೆ ಅಮೆರಿಕದಲ್ಲಿ ಮನೆಮಾತಾಗಿದೆ. ಆ ಬಯಕೆ ನಿಜವೋ ಕಲ್ಪಿತವೋ ಎಂಬ ಸಂದೇಹವನ್ನು ಚರಿತ್ರಕಾರರು ಇನ್ನೂ ಬಿಟ್ಟಿಲ್ಲ. ಬದುಕಿದ್ದಾಗ ಆ ಹುಡುಗನನ್ನು ತಿದ್ದಲು ರಾಕ್ನಿ ಇನ್ನಷ್ಟು ಶ್ರಮಿಸಬೇಕಿತ್ತು ಎಂಬ ಆಕ್ಷೇಪವೂ ಉಳಿದಿದೆ. ದೊಡ್ಡವರ ಬಾಳನ್ನು ಬರೆಯುವಾಗ ಅವರ ಕುಂದನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಾಗದು.

ಫಾದರ್ ವಾಲ್ಶ್ 1922ರಲ್ಲಿ ಅಧ್ಯಕ್ಷರಾದರು. ಕ್ರೀಡೆಯ ಮೇಲ್ವಿಚಾರಣೆ ಪ್ರಾಧ್ಯಾಪಕರ ಮಂಡಳಿಯೊಂದರ ಕೈಯಲ್ಲಿರಬೇಕೆಂಬುದು ಅವರ ನಿಲುವು. ಆಟಗಾರರ ಅರ್ಹತೆ, ಪಂದ್ಯಗಳ ಪಟ್ಟಿ, ಪ್ರಯಾಣದ ದಿನಗಳು ಇವೆಲ್ಲ ಮಂಡಳಿಯ ಒಪ್ಪಿಗೆಗೆ ಒಳಪಟ್ಟವು. 1925ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಪಂದ್ಯದಲ್ಲಿ ರಾಕ್ನಿಯ ತಂಡ ಸ್ಟ್ಯಾನ್‌ಫರ್ಡನ್ನು 27–10ರಿಂದ ಸೋಲಿಸಿತು. ಕೀರ್ತಿಯೂ ಬಂದಿತು, ಹಣವೂ ಬಂದಿತು. ಆದರೂ ಋತು ಮುಗಿದ ಮೇಲಿನ ಇಂಥ ಪಂದ್ಯಗಳಿಂದ ಓದಿಗೆ ಕುಂದಾಗುತ್ತದೆಂದು ವಿಶ್ವವಿದ್ಯಾಲಯ ಅವುಗಳಿಗೆ ಬಾಗಿಲು ಮುಚ್ಚಿತು. 1970ರ ಜನವರಿಯವರೆಗೆ, 45 ವರ್ಷಗಳ ಕಾಲ, ಆ ಬಾಗಿಲು ತೆರೆಯಲಿಲ್ಲ. ಬರುವ ಹಣವನ್ನು ಕೈಯಾರೆ ತಳ್ಳಿದ ಆ ನಿರ್ಧಾರವನ್ನು ನೆನೆದಾಗಲೆಲ್ಲ ನಮಗೆ ಆಶ್ಚರ್ಯವಾಗುತ್ತದೆ.

ರಾಕ್ನಿಗೆ ಈ ಕಟ್ಟುಪಾಡುಗಳು ಸುಲಭವಾಗಿ ಒಗ್ಗಲಿಲ್ಲ. ಬಯಲಿನಲ್ಲಿ ಬೆವರು ಸುರಿಸುವವರು ತಾವು, ಅಪ್ಪಣೆ ನೀಡುವವರು ಕೋಣೆಯಲ್ಲಿ ಕುಳಿತವರು ಎಂಬ ಅಸಮಾಧಾನ ಅವರೊಳಗೆ ಕುದಿಯುತ್ತಿತ್ತು. ಅವರ ಬಾಳಿನ ಅತ್ಯಂತ ಪವಿತ್ರವಾದ ಘಟನೆಯೂ ಅತ್ಯಂತ ನಾಚಿಕೆಯ ಘಟನೆಯೂ ನಡೆದದ್ದು 1925ರ ಕೊನೆಯ ಎರಡು ತಿಂಗಳುಗಳಲ್ಲಿಯೇ.

ಪಂದ್ಯಕ್ಕಾಗಿ ಪ್ರಯಾಣ ಹೊರಟಾಗ ತಮ್ಮ ಹುಡುಗರು ನಸುಕಿನಲ್ಲಿಯೇ ಎದ್ದು ದಿವ್ಯಬಲಿಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸುವುದನ್ನು ರಾಕ್ನಿ ವರ್ಷಗಟ್ಟಲೆ ನೋಡಿದ್ದರು. ಕಲಿಸುವ ತಮಗಿಂತ ಕಲಿಯುವ ಹುಡುಗರ ಶ್ರದ್ಧೆ ದೊಡ್ಡದೆಂಬ ಅರಿವು ಅವರನ್ನು ಕಲಕಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1925ರ ನವೆಂಬರ್ 20ರಂದು ವಿಶ್ವವಿದ್ಯಾಲಯದ ಮರದ ದಿಮ್ಮಿಗಳ ಪುಟ್ಟ ಪ್ರಾರ್ಥನಾಲಯದಲ್ಲಿ ಫಾದರ್ ವಿನ್ಸೆಂಟ್ ಮೂನಿ ಅವರಿಂದ ಜ್ಞಾನಸ್ನಾನ ಪಡೆದರು. ಮರುದಿನ ತಮ್ಮ ಮಗನ ಜೊತೆಯಲ್ಲಿಯೇ ಪ್ರಥಮ ಪರಮಪ್ರಸಾದ ಸ್ವೀಕರಿಸಿದರು. ಮೂವತ್ತೇಳು ವರ್ಷದ ತಂದೆ, ಪಕ್ಕದಲ್ಲಿ ಪುಟ್ಟ ಮಗ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ದಿನ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುವ ತಂದೆಯರು ಈ ಚಿತ್ರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ.

ತಿಂಗಳು ಕಳೆಯುವುದರೊಳಗೆ ಸುದ್ದಿಯೊಂದು ಪತ್ರಿಕೆಗಳಲ್ಲಿ ಸಿಡಿಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಸಂಬಳದ ಮೇಲೆ ಹೋಗಲು ರಾಕ್ನಿ ಒಪ್ಪಿಕೊಂಡಿದ್ದರು, ಅದೂ ನೋಟರ್ ಡೇಮಿನೊಡನೆ ಒಪ್ಪಂದವಿರುವಾಗಲೇ. ಗುಟ್ಟು ರಟ್ಟಾದಾಗ ಅವರು ಮುಜುಗರದಲ್ಲಿ ಮುಳುಗಿದರು. ಫಾದರ್ ವಾಲ್ಶ್ ಬಹಿರಂಗವಾಗಿ ಅವರನ್ನು ಜರಿಯಲಿಲ್ಲ, ಅಂಗಲಾಚಲೂ ಇಲ್ಲ. ಹೋಗುವ ಮನಸ್ಸಿದ್ದರೆ ಬಲವಂತವಾಗಿ ಹಿಡಿದಿಡುವುದಿಲ್ಲವೆಂಬ ನಿಲುವು ತಳೆದರು. ಕೊಲಂಬಿಯಾದವರೂ ಹಿಂದೆ ಸರಿದರು. ರಾಕ್ನಿ ಉಳಿದರು. ಜ್ಞಾನಸ್ನಾನ ಪಡೆದ ಮನುಷ್ಯನು ಆ ಕ್ಷಣದಿಂದಲೇ ಆಸೆಯನ್ನು ಗೆದ್ದುಬಿಡುವುದಿಲ್ಲ. ಕೃಪೆ ಬೀಜದಂತೆ, ಮೊಳೆಯಲು ಹದ ಬೇಕು, ಕಾಲ ಬೇಕು. ಆ ಕಾಲವನ್ನು ಕೊಡುವ ತಾಳ್ಮೆ ಮೇಲಿದ್ದವರಲ್ಲಿ ಇದ್ದದ್ದು ರಾಕ್ನಿಯ ಭಾಗ್ಯ.

ಕಲ್ಲು, ಗಾರೆ ಮತ್ತು ಜಗಳ

ಮುಂದಿನ ಜಗಳ ಕ್ರೀಡಾಂಗಣದ್ದು. ಹಳೆಯ ಬಯಲಿನಲ್ಲಿ ಸುಮಾರು 30,000 ಜನರಿಗೆ ಸ್ಥಳವಿತ್ತು. ದೊಡ್ಡ ತಂಡಗಳು ಅಲ್ಲಿಗೆ ಬರಲು ಒಪ್ಪುತ್ತಿರಲಿಲ್ಲ. ಹೊಸ ಕ್ರೀಡಾಂಗಣ ಬೇಕೆಂದು ರಾಕ್ನಿ ಪಟ್ಟು ಹಿಡಿದರು. ಆಟದಿಂದ ಬರುವ ಲಕ್ಷಾಂತರ ಡಾಲರ್ ಆಟಕ್ಕೇ ಸಲ್ಲಬೇಕೆಂಬುದು ಅವರ ವಾದ. ಫಾದರ್ ವಾಲ್ಶರ ಎಣಿಕೆ ಬೇರೆ. ಸ್ಥಳವಿಲ್ಲದೆ ಪೇಟೆಯ ಬಾಡಿಗೆ ಕೋಣೆಗಳಲ್ಲಿ ಚದುರಿದ್ದ ಹುಡುಗರನ್ನು ಒಂದೆಡೆ ತರುವುದು ಅವರಿಗೆ ಮೊದಲ ಕರ್ತವ್ಯವಾಗಿ ಕಂಡಿತು. ಹಾವರ್ಡ್, ಮಾರಿಸ್ಸಿ, ಲಯನ್ಸ್ ಎಂಬ ಮೂರು ವಸತಿಗೃಹಗಳನ್ನೂ 1927ರಲ್ಲಿ ದೊಡ್ಡದೊಂದು ಭೋಜನಶಾಲೆಯನ್ನೂ ಅವರು ಕಟ್ಟಿಸಿದರು. ಕ್ರೀಡಾಂಗಣಕ್ಕಾಗಿ ಸಾಲ ಮಾಡಲು ಅವರು ಸಿದ್ಧರಿರಲಿಲ್ಲ. ರಾಕ್ನಿ ರಾಜೀನಾಮೆಯ ಮಾತೆತ್ತಿದರು. ಬೇರೆ ವಿಶ್ವವಿದ್ಯಾಲಯಗಳ ಕರೆಗಳೂ ಬರುತ್ತಲೇ ಇದ್ದವು.

ಇಬ್ಬರೂ ಸ್ವಾರ್ಥಿಗಳಾಗಿರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ರಾಕ್ನಿ ಕೇಳಿದ್ದು ತಮ್ಮ ಮನೆಗಲ್ಲ. ವಾಲ್ಶ್ ತಡೆದದ್ದು ಅಸೂಯೆಯಿಂದಲ್ಲ. ಒಳಿತಿಗೂ ಕೆಡುಕಿಗೂ ನಡುವೆ ಜಗಳವಾದರೆ ತೀರ್ಪು ಸುಲಭ. ಎರಡು ಒಳಿತುಗಳ ನಡುವೆ ಜಗಳವಾದಾಗಲೇ ಸಂಸ್ಥೆಯ ವಿವೇಕದ ಪರೀಕ್ಷೆ. ಅರಿಸ್ಟಾಟಲನೂ ಅವನ ಹಾದಿಯಲ್ಲಿ ನಡೆದ ಸಂತ ತೋಮಾಸ್ ಅಕ್ವಿನಾಸರೂ ಕಲಿಸುವ ಪಾಠ ಇಲ್ಲಿ ನೆರವಾಗುತ್ತದೆ. ಸಾಧನಗಳನ್ನು ಅಳೆಯಬೇಕಾದದ್ದು ಗುರಿಯಿಂದ. ಕ್ರೀಡಾಂಗಣವೂ ವಸತಿಗೃಹವೂ ಸಾಧನಗಳೇ. ಹುಡುಗನು ಪೂರ್ಣ ಮನುಷ್ಯನಾಗುವುದು ಗುರಿ. ಯಾವ ಸಾಧನ ಮೊದಲು ಎಂಬುದನ್ನು ಒಂದೇ ಸಾಧನವನ್ನು ಕೈಯಲ್ಲಿ ಹಿಡಿದವನು ತೀರ್ಮಾನಿಸಲಾರ. ಗುರಿಯನ್ನು ಕಾಯುವವನು ತೀರ್ಮಾನಿಸಬೇಕು.

1928ರಲ್ಲಿ ಕವಿಯೂ ಮಹಾಯುದ್ಧದಲ್ಲಿ ಸೇನೆಯ ಗುರುವೂ ಆಗಿದ್ದ ಫಾದರ್ ಚಾರ್ಲ್ಸ್ ಓಡಾನಲ್ ಅಧ್ಯಕ್ಷರಾದರು. ವಸತಿಗೃಹಗಳು ಎದ್ದು ನಿಂತಿದ್ದವು. ಈಗ ಕ್ರೀಡಾಂಗಣದ ಸರದಿ. ಆಟದ ಉಳಿತಾಯದಿಂದಲೂ, ಹತ್ತು ವರ್ಷಗಳ ಆಸನದ ಹಕ್ಕನ್ನು ಮುಂಗಡವಾಗಿ ಮಾರಿದ ಹಣದಿಂದಲೂ ಕಟ್ಟಡ ಮೇಲೆದ್ದಿತು. ಅದು ಸಿದ್ಧವಾಗುವ 1929ರ ಋತುವಿನಲ್ಲಿ ತಂಡಕ್ಕೆ ತನ್ನದೆಂಬ ಬಯಲೇ ಇರಲಿಲ್ಲ. ಒಂಬತ್ತು ಪಂದ್ಯಗಳನ್ನೂ ಪರಸ್ಥಳದಲ್ಲಿ ಆಡಿ, ಒಂಬತ್ತನ್ನೂ ಗೆದ್ದಿತು. ಕಾಲಿನ ರಕ್ತನಾಳದ ಬೇನೆಯಿಂದ ನರಳುತ್ತಿದ್ದ ರಾಕ್ನಿ ಹಲವು ದಿನ ಗಾಲಿಕುರ್ಚಿಯಲ್ಲಿ ಕುಳಿತೇ ಮಾರ್ಗದರ್ಶನ ಮಾಡಿದರು. 1930ರ ಅಕ್ಟೋಬರ್ 4ರಂದು ಹೊಸ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯಿತು. ಆ ವರ್ಷ ಹತ್ತಕ್ಕೆ ಹತ್ತೂ ಗೆಲುವು. ಬೇಗ ಸಿಗಲಿಲ್ಲವೆಂದು ಮುನಿದಿದ್ದ ಮನುಷ್ಯ ತಾನು ಕನಸಿದ ಬಯಲಿನಲ್ಲಿ ನಿಂತರು. ಅದು ಒಂದೇ ಒಂದು ಋತು.

ಪವಿತ್ರ ವಾರದ ಮರಣ

1931ರ ಮಾರ್ಚ್ 31, ಪವಿತ್ರ ವಾರದ ಮಂಗಳವಾರ. ಲಾಸ್ ಏಂಜಲೀಸಿಗೆ ಹೊರಟಿದ್ದ ರಾಕ್ನಿ ಕಾನ್ಸಸ್ ಸಿಟಿಯಲ್ಲಿ ವಿಮಾನ ಹತ್ತಿದರು. ಕಾನ್ಸಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಬಳಿ ವಿಮಾನದ ಮರದ ರೆಕ್ಕೆ ಮುರಿದು, ಅದು ಹುಲ್ಲುಗಾವಲಿಗೆ ಉರುಳಿತು. ಒಳಗಿದ್ದ ಎಂಟು ಜನರಲ್ಲಿ ಯಾರೂ ಉಳಿಯಲಿಲ್ಲ. ರಾಕ್ನಿಗೆ 43 ವರ್ಷ. ಹೆಂಡತಿ ಮತ್ತು ನಾಲ್ವರು ಮಕ್ಕಳನ್ನು ಬಿಟ್ಟು ಹೋದರು. ತೇವದಿಂದ ಮರದ ಅಂಟು ಸಡಿಲಗೊಂಡದ್ದು ಕಾರಣವೆಂದು ತಿಳಿದುಬಂದಿತು. ಆ ದುರಂತದಿಂದ ಎದ್ದ ಕೂಗು ವಿಮಾನಗಳ ತಪಾಸಣೆಯನ್ನು ಬಿಗಿಗೊಳಿಸಲೂ ಲೋಹದ ವಿಮಾನಗಳು ಬೇಗ ಬಳಕೆಗೆ ಬರಲೂ ನೆರವಾಯಿತು.

ಸುದ್ದಿ ತಿಳಿದು ಅಲ್ಲಿಗೆ ಧಾವಿಸಿದವರಲ್ಲಿ ಒಬ್ಬರು ಅದೇ ರಾಜ್ಯದಲ್ಲಿ ದನ ಸಾಕಿಕೊಂಡಿದ್ದ ಜೆಸ್ಸಿ ಹಾರ್ಪರ್. ಹದಿಮೂರು ವರ್ಷಗಳ ಹಿಂದೆ ತಮ್ಮ ಸ್ಥಾನಕ್ಕೆ ಯಾರ ಹೆಸರನ್ನು ಹೇಳಿದ್ದರೋ ಅವರ ಕಳೇಬರದ ಜೊತೆ ಅವರೇ ಸೌತ್ ಬೆಂಡಿಗೆ ಮರಳಿದರು. ಏಪ್ರಿಲ್ 4, ಪವಿತ್ರ ಶನಿವಾರದಂದು, ಪವಿತ್ರ ಹೃದಯ ದೇವಾಲಯದಲ್ಲಿ ಅಂತ್ಯವಿಧಿ ನಡೆಯಿತು. ಫಾದರ್ ಓಡಾನಲ್ ಪ್ರಬೋಧನೆ ಮಾಡಿದರು. ರೇಡಿಯೋದ ಮೂಲಕ ದೇಶಕ್ಕೆ ದೇಶವೇ ಅದನ್ನು ಆಲಿಸಿತು. ನಾರ್ವೆಯ ಅರಸರೂ ತಮ್ಮ ಪ್ರತಿನಿಧಿಯನ್ನು ಕಳುಹಿಸಿದ್ದರು. ಮರುದಿನ ಪಾಸ್ಕ ಹಬ್ಬ.

ಖಾಲಿಯಾದ ಹುದ್ದೆ

ಈಗ ಗುರುಗಳ ಮುಂದೆ ನಿಂತ ಪ್ರಶ್ನೆ ಕಠಿಣವಾದದ್ದು. ಈ ಸ್ಥಾನದಲ್ಲಿ ಯಾರನ್ನು ಕೂರಿಸುವುದು? ಒಬ್ಬರ ಹೆಗಲ ಮೇಲಿದ್ದ ಭಾರವನ್ನು ಫಾದರ್ ಓಡಾನಲ್ ಎರಡಾಗಿ ಹಂಚಿದರು. ಹಾರ್ಪರರನ್ನು ದನದ ಕೊಟ್ಟಿಗೆಯಿಂದ ಮರಳಿ ಕರೆಸಿ ಕ್ರೀಡಾ ನಿರ್ದೇಶಕರನ್ನಾಗಿ ಮಾಡಿದರು. ರಾಕ್ನಿಯ ಶಿಷ್ಯ ಹಂಕ್ ಆಂಡರ್ಸನ್ ತರಬೇತುದಾರರಾದರು. ಆದರೆ ಅವರಿಗೆ ಮುಖ್ಯ ತರಬೇತುದಾರ ಎಂಬ ಹೆಸರನ್ನು ಕೊಡದೆ ಹಿರಿಯ ತರಬೇತುದಾರ ಎಂದು ಕರೆದರು. ತೀರಿಕೊಂಡವರ ಮೇಲಿನ ಗೌರವವೇ ಬದುಕಿರುವವರ ಕೈ ಕಟ್ಟಿದಂತಾಯಿತು.

ಆರ್ಥಿಕ ಕುಸಿತದ ಕಾಲವದು. ಹಾರ್ಪರ್ ಖರ್ಚಿಗೆ ಕತ್ತರಿ ಹಾಕಿದರು. ಆಟಗಾರರಿಗೆ ಸಿಗುತ್ತಿದ್ದ ನೆರವು ಕುಗ್ಗಿತು. ಕೈಯಲ್ಲಿ ಸಾಮಗ್ರಿ ಕೊಡದೆ ಗೆಲುವು ಕೇಳುತ್ತಾರೆಂಬುದು ಆಂಡರ್ಸನರ ಕೊರಗು. ಮೂರು ಋತುಗಳಲ್ಲಿ ಅವರ ತಂಡ 16 ಗೆದ್ದು 9 ಸೋತಿತು. 1933ರಲ್ಲಂತೂ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಅಭಿಮಾನಿಗಳು ಕೋಪಗೊಂಡರು, ಪತ್ರಿಕೆಗಳು ಚುಚ್ಚಿದವು. ಅಷ್ಟರಲ್ಲಿ ಫಾದರ್ ಓಡಾನಲ್ ಹಾಸಿಗೆ ಹಿಡಿದಿದ್ದರು. ಉಪಾಧ್ಯಕ್ಷ ಫಾದರ್ ಜಾನ್ ಓಹಾರಾ ಆ ವರ್ಷದ ಕೊನೆಯಲ್ಲಿ ಎರಡೂ ಹುದ್ದೆಗಳನ್ನು ಮತ್ತೆ ಒಂದುಗೂಡಿಸಿ, ರಾಕ್ನಿಯ ಇನ್ನೊಬ್ಬ ಶಿಷ್ಯ ಎಲ್ಮರ್ ಲೇಡನರಿಗೆ ಒಪ್ಪಿಸಿದರು. ಆಂಡರ್ಸನ್, ಹಾರ್ಪರ್ ಇಬ್ಬರೂ ನಿರ್ಗಮಿಸಿದರು. ಲೇಡನ್ ಏಳು ಋತು ನಡೆಸಿ 47 ಪಂದ್ಯ ಗೆದ್ದರು. ಓಡಾನಲ್ 1934ರ ಜೂನ್ ತಿಂಗಳಲ್ಲಿ ನಿಧನರಾದರು. ವಿದ್ಯಾರ್ಥಿಗಳಲ್ಲಿ ಪ್ರತಿದಿನದ ಪರಮಪ್ರಸಾದದ ಅಭ್ಯಾಸ ಬೆಳೆಸಿದ ಓಹಾರಾ ಮುಂದೆ ಫಿಲಡೆಲ್ಫಿಯಾದ ಮಹಾಧರ್ಮಾಧ್ಯಕ್ಷರಾಗಿ, 1958ರಲ್ಲಿ ಕಾರ್ಡಿನಲ್ ಪದವಿಗೇರಿದರು.

ಒಂದೇ ಹುದ್ದೆಗೆ ನಡೆದ ಮೂರು ನೇಮಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 1918ರದು ನಂಬಿಕೆಯಿಂದಾದದ್ದು. 1931ರದು ದುಃಖದಲ್ಲಾದದ್ದು. 1933ರದು ಸೋಲಿನ ಒತ್ತಡದಲ್ಲಾದದ್ದು. ಎರಡನೆಯದು ಎಡವಿದ್ದು ಹುದ್ದೆಯನ್ನು ಎರಡಾಗಿ ಹಂಚಿದ್ದರಿಂದಲೇ ಎಂದು ನಮಗೆ ತೋರುವುದಿಲ್ಲ. ಯಾವುದಕ್ಕೆ ಯಾರು ಹೊಣೆ ಎಂಬುದು ತಿಳಿಯಾಗಿರಲಿಲ್ಲ. ಹೊಸಬರನ್ನು ಅವರ ಕೆಲಸದಿಂದ ಅಳೆಯದೆ, ತೀರಿಕೊಂಡವರ ನೆರಳಿನಿಂದ ಅಳೆದರು. ಎಲ್ಲ ಅಧಿಕಾರವೂ ಒಬ್ಬರ ವ್ಯಕ್ತಿತ್ವದಲ್ಲಿ ಸೇರಿಹೋಗಿದ್ದರೆ ಅವರು ಹೋದ ದಿನ ಹುದ್ದೆಯಷ್ಟೇ ಖಾಲಿಯಾಗುವುದಿಲ್ಲ. ಸಂಸ್ಥೆಯೇ ದಿಕ್ಕು ತಪ್ಪುತ್ತದೆ. ನೋಟರ್ ಡೇಮ್ ತಡವರಿಸಿದರೂ ಮುಗ್ಗರಿಸಿ ಬೀಳದಿದ್ದುದಕ್ಕೆ ಕಾರಣ, ರಾಕ್ನಿಯ ಕೀರ್ತಿ ಉತ್ತುಂಗದಲ್ಲಿದ್ದಾಗಲೂ ಬೇಡವೆನ್ನುವ ಅಧಿಕಾರವನ್ನು ಗುರುಗಳು ಬಿಟ್ಟುಕೊಟ್ಟಿರಲಿಲ್ಲ ಎಂಬುದೇ.

ಆ ಗುರುಗಳ ಹೆಸರು ಇಂದು ಹೆಚ್ಚು ಜನರಿಗೆ ತಿಳಿಯದು. ರಾಕ್ನಿಯ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಬೆಳೆಯನ್ನು ಎಲ್ಲರೂ ಹೊಗಳುತ್ತಾರೆ, ಬದುವನ್ನು ಹೊಗಳುವವರು ಕಡಿಮೆ. ಆದರೆ ಬದುವಿಲ್ಲದ ಹೊಲದಲ್ಲಿ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುವುದನ್ನು ನಮ್ಮ ರೈತರು ಬಲ್ಲರು. ರಾಕ್ನಿಯ ನಿಜವಾದ ಹಿರಿಮೆಯೂ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅವರು ಮುನಿದರು, ಬಿಟ್ಟುಹೋಗಲು ಹೊರಟರು, ಮರಳಿದರು, ಕಾದರು. ಎಲ್ಲರನ್ನೂ ಗೆಲ್ಲಬಲ್ಲವರಾಗಿದ್ದ ಅವರು ತಮ್ಮ ಮೇಲಿದ್ದವರಿಗೆ ಮಣಿಯುವುದನ್ನೂ ಕೊನೆಗೆ ಕಲಿತರು. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟಗಾರನ ದೃಷ್ಟಾಂತವನ್ನು ಆರಿಸಿಕೊಂಡದ್ದು ಅವನ ವೇಗಕ್ಕಾಗಿ ಮಾತ್ರವಲ್ಲ, ಅವನ ಸಂಯಮಕ್ಕಾಗಿ.

ಆ ಸಂಜೆ ಕಾಲೇಜಿನ ಸಭೆಯಲ್ಲಿ ಮೌನವಾಗಿದ್ದುದಕ್ಕೆ ನಮಗೆ ಇಂದಿಗೂ ವಿಷಾದವಿದೆ. ಮತ್ತೊಮ್ಮೆ ಕರೆದರೆ ಇಷ್ಟು ಹೇಳುವೆವು: ಅಭ್ಯರ್ಥಿಗಳ ಹೆಸರು ಎತ್ತುವ ಮುನ್ನ, ಈ ಹುದ್ದೆ ಯಾವ ಹುಡುಗನಿಗಾಗಿ ಇದೆ ಎಂಬುದನ್ನು ನಿಶ್ಚಯಿಸಿರಿ. ಪದಕ ತರುವ ಹತ್ತು ಹುಡುಗರಿಗಾಗಿಯೋ, ಬಯಲಿನ ಅಂಚಿನಲ್ಲಿ ನಿಂತು ನೋಡುವ ಉಳಿದ ನೂರಾರು ಹುಡುಗ ಹುಡುಗಿಯರಿಗಾಗಿಯೂ ಹೌದೋ? ಆಮೇಲೆ, ನೇಮಕಗೊಂಡವರು ಯಾರಿಗೆ ಉತ್ತರ ಕೊಡಬೇಕು, ಯಾವ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು ಎಂಬುದನ್ನು ಬರೆದಿಡಿರಿ. ಅದಾದ ಮೇಲೆ ಅವರನ್ನು ನಂಬಿರಿ.

ತಂದೆತಾಯಿಯರಿಗೂ ಒಂದು ಮಾತು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಫಲಿತಾಂಶದ ಪಟ್ಟಿಯನ್ನು ನೋಡುತ್ತೀರಿ, ಶುಲ್ಕವನ್ನು ಕೇಳುತ್ತೀರಿ. ಸಂಜೆ ಐದು ಗಂಟೆಗೆ ಆ ಬಯಲಿಗೂ ಒಮ್ಮೆ ಹೋಗಿ ನಿಲ್ಲಿರಿ. ಅಲ್ಲಿ ಯಾರು ಆಡುತ್ತಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ, ಸೋತ ಹುಡುಗನ ಹೆಗಲ ಮೇಲೆ ಮಾಸ್ತರರ ಕೈ ಇದೆಯೋ ಇಲ್ಲವೋ ನೋಡಿರಿ. ಸರಿಯಾದ ನೇಮಕವಾಗಿದೆಯೇ ಎಂಬುದು ನಿಮಗೆ ಅಲ್ಲಿಯೇ ತಿಳಿಯುತ್ತದೆ.